ಹೊಸ ಕೇಪಿನ ಕೋವಿ: ಅಂಗಡಿಯಿಂದ ತಂದ ಮೇಲೆ ಮೊದಲ ಈಡಿನವರೆಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟ ಕಾಯಲು ಲೈಸೆನ್ಸ್ ಮಾಡಿಸಿಕೊಂಡವರ ಕೈಗೆ ಬರುವುದು ಹೆಚ್ಚಾಗಿ ಒಂಟಿ ನಳಿಗೆಯ ಕೇಪಿನ ಕೋವಿ. ಮದ್ದನ್ನು ನಳಿಗೆಯ ಬಾಯಿಯಿಂದ ತುಂಬಿ, ಬಡಿದರೆ ಸಿಡಿಯುವ ಪುಟ್ಟ ಲೋಹದ ಟೊಪ್ಪಿಯಿಂದ (ಕೇಪು) ಹೊತ್ತಿಸುವಂಥದ್ದು. ಲೈಸೆನ್ಸಿನಲ್ಲಿ ಎಸ್‌ಬಿಎಂಎಲ್ (ಸಿಂಗಲ್ ಬ್ಯಾರೆಲ್ ಮಜಲ್ ಲೋಡರ್) ಎಂದು ಬರೆದಿರುತ್ತಾರೆ. ಈಗ ಸಿಗುವ ಹೊಸ ಕೋವಿಗಳಲ್ಲಿ ನಳಿಗೆಯ ಬಗ್ಗೆ ದೂರಿಲ್ಲ. ನಿಪ್ಪಲ್ (ಕೇಪು ಕೂರುವ ತೂತಿನ ಮೊಳೆ), ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ), ಮರದ ಕೆಲಸ ಒರಟು. ಕೊಳ್ಳಬಹುದು. ಆದರೆ ಅರ್ಧ ದಿನ ಅದರ ಮುಂದೆ ಕೂರದೆ ಈಡು ಹೊಡೆಯಬಾರದು.

ಅಂಗಡಿಯಲ್ಲೇ ನೋಡಬೇಕಾದ್ದು ಕೆಲವಿದೆ. ತಯಾರಕರ ಹೆಸರು, ನಂಬರು, ಪ್ರೂಫ್ ಗುರುತು (ನಳಿಗೆ ಪರೀಕ್ಷೆಯಾದ ಮುದ್ರೆ) ಮೂರೂ ಸ್ಪಷ್ಟವಾಗಿರಬೇಕು. ಲೈಸೆನ್ಸಿನಲ್ಲಿ ಏರಿಸುವ ನಂಬರನ್ನು ನಳಿಗೆಯ ಮೇಲಿನ ನಂಬರಿಗೆ ನೀವೇ ತಾಳೆ ನೋಡಿ. ಗುರುತಿಲ್ಲದ ಕೋವಿಯನ್ನು ಮಾರುವುದನ್ನೂ ಇನ್ನೊಬ್ಬರಿಗೆ ಕೊಡುವುದನ್ನೂ 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ನಿಷೇಧಿಸುತ್ತದೆ; ಅಂಥದ್ದು ನಿಮ್ಮ ಬಳಿ ಸಿಕ್ಕರೆ, ಬೇರೆ ಎಂದು ಸಾಬೀತಾಗದ ಹೊರತು ಗುರುತು ಅಳಿಸಿದವರು ನೀವೇ ಎಂದು ಭಾವಿಸಲಾಗುತ್ತದೆ. ಕುದುರೆಯನ್ನು ಅರ್ಧ ಎಳೆದು ನಿಲ್ಲಿಸಿ, ಟ್ರಿಗರ್ ಜಗ್ಗಿ. ಅದು ಬಿದ್ದರೆ ಆ ಕೋವಿ ಬೇಡ. ಕುದುರೆಯ ಬಾಯಿ ನಿಪ್ಪಲ್ ಮೇಲೆ ನೇರ ಕೂರಬೇಕು. ಓರೆಯಾಗಿ ಬಡಿದರೆ ಕೇಪಿನ ಒಂದು ಅಂಚು ಮಾತ್ರ ಜಜ್ಜುತ್ತದೆ, ಮೂರರಲ್ಲಿ ಒಂದು ಸಿಡಿಯದೇ ಉಳಿದರೂ ಆಶ್ಚರ್ಯವಿಲ್ಲ. ಒಂದು ಹೆಚ್ಚಿನ ನಿಪ್ಪಲ್, ಅದಕ್ಕೆ ಸರಿಯಾದ ಪಾನಾ ಜೊತೆಗೇ ತನ್ನಿ. ಕಟ್ಟಿಂಗ್ ಪ್ಲೇಯರ್‌ನಲ್ಲಿ ತಿರುಗಿಸಿದರೆ ಅದರ ಮೂಲೆ ಸವೆದು ಮುಂದೆ ಬಿಚ್ಚಲಾಗುವುದಿಲ್ಲ.

ಚಕಮಕಿ ಕಲ್ಲಿನ ಕೋವಿಯ ಆಸೆ ಇರುವವರೂ ಇದ್ದಾರೆ. ನೋಡಲು ಚೆಂದ, ನಿಜ. ಆದರೆ ಅದರ ಬಟ್ಟಲಿನಲ್ಲಿರುವ ಪುಡಿಮದ್ದಿಗೆ ಮುಚ್ಚಳವಿದ್ದರೂ ಥಂಡಿ ಪೂರ್ತಿ ತಡೆಯುವುದಿಲ್ಲ, ನಮ್ಮ ಆಷಾಢದ ಥಂಡಿಯಲ್ಲಿ ಬೇಗ ಮುದ್ದೆಗಟ್ಟುತ್ತದೆ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಬಡಿದರೆ ಸಿಡಿಯುವ ಮದ್ದಿಗೆ ಪೇಟೆಂಟ್ ಪಡೆದ. ಕೇಪು ಬಂದದ್ದು ಆ ದಾರಿಯಲ್ಲೇ. ಮಲೆನಾಡಿಗೆ ಕೇಪೇ ಸರಿ.

ಮನೆಗೆ ತಂದ ಮೇಲೆ ಮೊದಲು ನಿಪ್ಪಲ್ ಬಿಚ್ಚಿ, ನಳಿಗೆಯೊಳಗಿನ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಿಂದ ತೆಗೆದು, ಒಣ ಬಟ್ಟೆ ಕಪ್ಪಾಗದೆ ಬರುವವರೆಗೆ ಒರೆಸಿ. ನಂತರ ಗಜವನ್ನು (ಮದ್ದು ಗಿಡಿಯುವ ಉದ್ದ ಕೋಲು) ಖಾಲಿ ನಳಿಗೆಯ ತಳ ಮುಟ್ಟಿಸಿ, ಬಾಯಿಯ ಅಂಚಿಗೆ ಸರಿಯಾಗಿ ಚಾಕುವಿನಿಂದ ಗೀರು ಹಾಕಿ. ಇದು ಖಾಲಿ ಗುರುತು. ಮುಂದೆ ಎಂದಾದರೂ ಗಜ ಇಳಿಸಿದಾಗ ಗೀರು ಮೇಲೇ ನಿಂತರೆ ಒಳಗೆ ಈಡು (ತುಂಬಿದ ಮದ್ದು, ಗುಂಡು) ಇದೆ ಎಂದರ್ಥ. ಇನ್ನು ನಿಪ್ಪಲ್ ಮತ್ತೆ ಕೂರಿಸಿ, ಅಲ್ಲಿಂದ ನಳಿಗೆಗೆ ಬೆಂಕಿ ಹೋಗುವ ದಾರಿ ತೆರೆದಿದೆಯೇ ಎಂದು ನೋಡಲು, ಮದ್ದು ತುಂಬದೆ ಬರೀ ಕೇಪು ಹಾಕಿ, ನಳಿಗೆಯ ಬಾಯಿಯನ್ನು ನೆಲದ ಮೇಲಿನ ಒಂದು ಒಣ ತರಗೆಲೆಯ ಹತ್ತಿರ ಹಿಡಿದು ಬಡಿಯಿರಿ. ಎಲೆ ಹಾರಿದರೆ ದಾರಿ ಸ್ವಚ್ಛ. ಅಲುಗದಿದ್ದರೆ ನಿಪ್ಪಲಿನ ತೂತಿನಲ್ಲಿ ಗ್ರೀಸ್ ಇನ್ನೂ ಇದೆ.

ತುಂಬುವಾಗ ಮದ್ದನ್ನು ಡಬ್ಬಿಯಿಂದ ನೇರ ನಳಿಗೆಗೆ ಸುರಿಯಬೇಡಿ. ಹಿಂದಿನ ಈಡಿನ ಕಿಡಿ ಒಳಗಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. ಬೇರೆ ಅಳತೆ ಕೊಳವೆ ಬೇಕು. 12 ಬೋರಿನ (ಬೋರ್ ಎಂದರೆ ನಳಿಗೆಯ ಒಳ ಅಗಲದ ಅಳತೆ) ನಳಿಗೆಗೆ 60 ಗ್ರೇನ್, ಅಂದರೆ ಸುಮಾರು 4 ಗ್ರಾಂ ಕರಿಮದ್ದಿನಿಂದ ಶುರು ಮಾಡಿ. ತಯಾರಕರು ಹೇಳಿದ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಅದೇ ಲೆಕ್ಕ. ಚರೆಯನ್ನು (ಸೀಸದ ಸಣ್ಣ ಗುಂಡುಗಳು) ಅದೇ ಕೊಳವೆಯಲ್ಲಿ ಅಷ್ಟೇ ಅಳೆಯಿರಿ. ಮದ್ದಿನ ಮೇಲೆ ದಪ್ಪ ರಟ್ಟು ಅಥವಾ ಫೆಲ್ಟ್ ಬಿಲ್ಲೆ, ಅದರ ಮೇಲೆ ಚರೆ, ಕೊನೆಗೆ ತೆಳು ರಟ್ಟು. ಬಿಲ್ಲೆ ಮದ್ದಿಗೆ ತಾಗಿಯೇ ಕೂರಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಅಲ್ಲೇ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಎರಡನೇ ಗೀರು ಹಾಕಬೇಕಾದ್ದು ಇಲ್ಲಿ. ಗಜ ಪ್ರತಿ ಸಲ ಅದೇ ಗೀರಿಗೆ ಇಳಿಯಬೇಕು. ಗಿಡಿಯುವಾಗ ಬಾಯಿಯ ಮೇಲೆ ಮುಖ ಬಗ್ಗಿಸಬೇಡಿ. ಕೇಪು ಎಲ್ಲಕ್ಕಿಂತ ಕೊನೆಗೆ.

ತೆಂಗಿನ ನಾರು ಗಿಡಿಯುವುದು ಹಳೆಯ ರೂಢಿ. ನಾವು ಒಪ್ಪುವುದಿಲ್ಲ. ನಾರು ಕೆಂಡವಾಗಿ ಹೊರಗೆ ಬೀಳುತ್ತದೆ. ಬೇಸಿಗೆಯಲ್ಲಿ ಸೊಪ್ಪಿನ ಬೆಟ್ಟದ ಕರಡಕ್ಕೆ (ಒಣ ಹುಲ್ಲಿಗೆ) ಬೆಂಕಿ ಹತ್ತಲು ಅಷ್ಟು ಸಾಕು. ಇದಕ್ಕಿಂತ ಕೆಟ್ಟದ್ದು ತೋಟಾ (ಕಾರ್ಟ್ರಿಜ್) ಒಡೆದು ಅದರ ಮದ್ದನ್ನು ಕೇಪಿನ ಕೋವಿಗೆ ಹಾಕುವುದು. ಅದು ಹೊಗೆ ಇಲ್ಲದ ಮದ್ದು, ಒತ್ತಡ ಬೇರೆಯೇ. ನಳಿಗೆ ಸೀಳಿ ಎಡಗೈ ಹೋಗುತ್ತದೆ. ಚಿಟಿಕೆಯಷ್ಟೂ ಹಾಕಬೇಡಿ.

ಕೇಪು ಸಿಡಿದು ಈಡು ಹೋಗದಿದ್ದರೆ ಬಾಯಿಯನ್ನು ಖಾಲಿ ಕಡೆಗೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಿರಿ. ತಡವಾಗಿ ಹೋಗುವ ಈಡು ಇದೆ. ಆಮೇಲೆ ಹೊಸ ಕೇಪು ಹಾಕಿ ನೋಡಿ. ಆಗಲೂ ಹೋಗದಿದ್ದರೆ ಬಾಯಿಯಿಂದ ನೀರು ಸುರಿದು, ಮದ್ದು ಪೂರ್ತಿ ನೆಂದ ಮೇಲಷ್ಟೇ ನಿಪ್ಪಲ್ ಬಿಚ್ಚಿ.

ತೊಳೆಯುವುದು ಅದೇ ಸಂಜೆ ಆಗಬೇಕು. ಒಳಗುಳಿದ ಮಸಿಯಲ್ಲಿ ಉಪ್ಪಿನಂಶವಿದ್ದು ಥಂಡಿ ಎಳೆದುಕೊಳ್ಳುತ್ತದೆ. ಕಾರವಾರ, ಅಂಕೋಲಾ, ಕುಮಟಾದ ಕಡಲ ಗಾಳಿಯಲ್ಲಿ ಬೆಳಗಾಗುವಷ್ಟರಲ್ಲಿ ತುಕ್ಕು ಕಾಣುತ್ತದೆ. ಬಿಸಿನೀರು, ಸ್ವಲ್ಪ ಸೋಪು, ನೀರು ತಿಳಿಯಾಗುವವರೆಗೆ. ನಂತರ ಒಣಗಿಸಿ ತೆಳುವಾದ ಮಶಿನ್ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ, ಘಟ್ಟದ ಮೇಲಿನ ಚಳಿಗೆ ಹೆಪ್ಪುಗಟ್ಟುತ್ತದೆ. ಮತ್ತೆ ತುಂಬುವ ಮುಂಚೆ ಎಣ್ಣೆ ಒರೆಸದಿದ್ದರೆ ಮದ್ದು ನೆಂದು ಈಡು ಕೆಡುತ್ತದೆ. ರೆಕ್ಸಿನ್ ಚೀಲದಲ್ಲಿ ಇಡಬೇಡಿ, ಒಳಗೇ ಬೆವರುತ್ತದೆ. ತುಂಬಿದ ಕೋವಿಯನ್ನಂತೂ ಮನೆಯಲ್ಲಿ ಇಡಲೇಬಾರದು.

ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿಯನ್ನು ಹೆಸರಿಸಿಯೇ ಹೇಳುತ್ತದೆ. ಆದರೆ ಅದು ಕೋವಿ ಇಟ್ಟುಕೊಳ್ಳುವ ಹಕ್ಕು ಮಾತ್ರ. ಹಂದಿ, ಮಂಗ, ಕಾಡುಕೋಣಕ್ಕೆ 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಅಡಿಕೆ ತೋಟದಲ್ಲಿ ಮಂಗ ಓಡಿಸಲು ಚರೆ ಇಲ್ಲದ ಖಾಲಿ ಈಡು ಸಾಕು. ಅದರ ಬಿಲ್ಲೆಯೂ ಹತ್ತಿರದವರಿಗೆ ಗಾಯ ಮಾಡುತ್ತದೆ, ಆಳು ನಿಂತ ಕಡೆ ತಿರುಗಿಸಬೇಡಿ.

ಚುನಾವಣೆ ಬಂದಾಗ ಠಾಣೆಯಲ್ಲಿ ಜಮಾ ಮಾಡಬೇಕಾದರೆ, ಹಿಂದಿನ ದಿನ ತೊಳೆದು ಒಳಗೂ ಹೊರಗೂ ದಪ್ಪ ಗ್ರೀಸ್ ಬಳಿದು ಕೊಡಿ. ವಾಪಸ್ ಬಂದ ಮೇಲೆ ತರಗೆಲೆಯ ಪರೀಕ್ಷೆ ಇನ್ನೊಮ್ಮೆ ಮಾಡಿ, ಆಮೇಲೆ ಮದ್ದು ಅಳೆಯಿರಿ.