10 ಆಂಪ್ಸ್ ಫ್ಯೂಸ್ ಜಾಗಕ್ಕೆ 30 ಹಾಕಿಸಿಕೊಂಡು ಕೆಟ್ಟೆ

ನಮ್ಮ ಹಳೇ ಕಾರಿನಲ್ಲಿ ಒಂದೇ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. ಹಿಂದಿನ ಪಾರ್ಕಿಂಗ್ ಲೈಟು, ನಂಬರ್ ಪ್ಲೇಟ್ ಲೈಟು, ಮೀಟರ್ ಬೆಳಕು ಒಟ್ಟಿಗೆ ಆರಿದರೆ ಆ ಕೆಂಪು 10 ಆಂಪ್ಸ್‌ದೇ ಕಥೆ. "ಸಂತೆಗೆ ಹೋದ ದಿನವೇ ಯಾಕ್ರೀ ಹೋಗುತ್ತೆ ಇದು?" ಅಂತ ಹೆಂಡತಿ ಕೇಳಿದಾಗ ನಕ್ಕುಬಿಟ್ಟಿದ್ದೆ.

ಐದನೇ ಸಲ ಹೋದಾಗ ದಾರಿಯಲ್ಲಿ ಸಿಕ್ಕ ಒಬ್ಬ ಮೆಕ್ಯಾನಿಕ್ ಹಸಿರು ಫ್ಯೂಸ್ ಒತ್ತಿ, "ಇನ್ನು ಹೋಗಲ್ಲ ಬಿಡಿ ಸಾರ್" ಅಂದ. ನಿಜವೇ, ಹೋಗಲಿಲ್ಲ. ಅದು 30 ಆಂಪ್ಸ್‌ದು! 10ಕ್ಕೆ ತಕ್ಕ ಸಣ್ಣ ವೈರಿನಲ್ಲಿ 20–25 ಆಂಪ್ಸ್ ಹರಿದರೂ ಆ ಫ್ಯೂಸ್ ಸುಮ್ಮನಿರುತ್ತೆ. ಬಿಸಿಯಾಗಿ ಸುಡುವುದು ವೈರು.

ಎರಡು ವಾರದ ನಂತರ ರಾತ್ರಿ, ಸಕಲೇಶಪುರ ದಾಟಿ ಘಾಟಿ ಇಳಿಯುವಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಡ್ಯಾಶ್‌ಬೋರ್ಡ್ ಕೆಳಗಿಂದ ಹೊಗೆ. ಗಾಡಿ ನಿಲ್ಲಿಸಿ ಎಲ್ಲ ಆಫ್ ಮಾಡಿ, ಮಕ್ಕಳನ್ನು ಇಳಿಸಿದೆವು. ಬ್ಯಾಟರಿ ನೆಗೆಟಿವ್ ಬಿಚ್ಚೋಣ ಅಂದರೆ ನನ್ನ ಹತ್ತಿರ 10 ನಂಬರ್ ಸ್ಪ್ಯಾನರ್ ಕೂಡ ಇಲ್ಲ. ಪುಣ್ಯಕ್ಕೆ ಹಿಂದೆ ಬಂದ ಲಾರಿ ಡ್ರೈವರಣ್ಣ ಕೊಟ್ಟರು.

ಹಾಸನದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಸುಟ್ಟ ವೈರು ಬದಲಿಸಿ, ಆಮೇಲೆ ಮೂಲ ಹುಡುಕಿದರು. ಫ್ಯೂಸ್ ಕಿತ್ತು, ಆ ಜಾಗಕ್ಕೆ ಎರಡು ವೈರು ಕಟ್ಟಿದ 21 ವ್ಯಾಟ್ ಬಲ್ಬ್ ಸಿಕ್ಕಿಸಿದರು. ಶಾರ್ಟ್ ಆದರೂ, ಅಂದರೆ ವೈರು ಕಾರಿನ ತಗಡಿಗೆ ತಾಗಿ ಕರೆಂಟ್ ನೇರ ಹರಿದರೂ, ಬಲ್ಬ್ ಅದನ್ನು ಎರಡು ಆಂಪ್ಸ್ ಒಳಗೇ ತಡೆಯುತ್ತೆ, ಫ್ಯೂಸ್ ದಂಡ ಆಗಲ್ಲ. ಪಾರ್ಕಿಂಗ್ ಲೈಟ್ ಹಾಕಿದರೆ ಬಲ್ಬ್ ಮಂಕಾಗಿತ್ತು. ಒಂದೊಂದೇ ವೈರು ಅಲ್ಲಾಡಿಸುತ್ತಾ ಹಿಂದಕ್ಕೆ ಹೋಗಿ ಡಿಕ್ಕಿ ಬಾಗಿಲು ಎತ್ತಿದರು ನೋಡಿ, ಫಳ್ ಅಂತ ಪೂರ್ತಿ ಉರಿಯಿತು, ಅಂದರೆ ಶಾರ್ಟ್ ಅಲ್ಲೇ. ಇಳಿಸಿದರೆ ಮತ್ತೆ ಮಂಕು. ಬಾಗಿಲ ಕೀಲಿನ ಪಕ್ಕದ ರಬ್ಬರ್ ಕೊಳವೆ ಎಳೆದರೆ, ನಂಬರ್ ಪ್ಲೇಟ್ ವೈರಿನ ಸಿಪ್ಪೆ ಒಂದು ಅಕ್ಕಿಕಾಳಿನಷ್ಟು ಉದ್ದ ಸವೆದು ತಾಮ್ರ ಕಾರಿನ ತಗಡಿಗೆ ತಾಗುತ್ತಿತ್ತು. ಸಂತೆ ಚೀಲ ಇಡಲು ಡಿಕ್ಕಿ ತೆಗೆದಾಗಲೆಲ್ಲ ಶಾರ್ಟ್! ಹೆಂಡತಿ ಹೇಳಿದ್ದು ಸರಿಯೇ ಇತ್ತು, ಅಲ್ವಾ.

ಆ ಚೂರು ವೈರಿಗೆ 300 ರೂಪಾಯಿ. ಡ್ಯಾಶ್‌ಬೋರ್ಡ್ ಕೆಳಗೆ ಸುಟ್ಟಿದ್ದಕ್ಕೆ 6,800.

ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಇವತ್ತೇ ಫ್ಯೂಸ್ ಬಾಕ್ಸ್ ತೆಗೆದು ನೋಡಿ. ಯಾವ ಜಾಗಕ್ಕೆ ಎಷ್ಟು ಅಂತ ಮುಚ್ಚಳದಲ್ಲೋ ಮ್ಯಾನುಯಲ್‌ನಲ್ಲೋ ಇರುತ್ತೆ. ಸಾಮಾನ್ಯವಾಗಿ ಕೆಂಪು 10, ನೀಲಿ 15, ಹಳದಿ 20, ಹಸಿರು 30. ಕೆಂಪು ಇರಬೇಕಾದ ಕಡೆ ಹಸಿರು ಕಂಡರೆ, ಅಲ್ಲಿ ಯಾರೋ ಏನೋ ಮುಚ್ಚಿಟ್ಟಿದ್ದಾರೆ.