ಮೈಕ್ರೋವೇವ್ ಕೊಳ್ಳುವಾಗ ಯಾರ ಮಾತು ನಂಬೋದು? ಕಾಸರಗೋಡಿನಿಂದ ಒಂದು ರಿವ್ಯೂಗಳ ರಿವ್ಯೂ

ಮೈಕ್ರೋವೇವ್ ಹುಡುಕುವವರು ಎಲ್ಲರೂ ಮೊದಲು ನೋಡುವುದು ನಕ್ಷತ್ರ. 4.2 ಇದ್ದರೆ ಆಗಬಹುದು, 3.8 ಇದ್ದರೆ ಬೇಡ. ಆದರೆ ಆ ನಕ್ಷತ್ರಕ್ಕೆ ಒವನ್‌ಗಿಂತ ಪೆಟ್ಟಿಗೆ ತಂದುಕೊಟ್ಟ ಹುಡುಗನ ಜೊತೆಗೇ ಸಂಬಂಧ ಜಾಸ್ತಿ ಅಂತ ನನ್ನ ಅಭಿಪ್ರಾಯ. ನಾವು ಬದಿಯಡ್ಕದ ಹತ್ತಿರ ಇರುವವರು. ಓಣಂ ಆಫರ್ ಹೊತ್ತಿಗೆ 23 ಲೀಟರಿನ ಒಂದು ಸೋಲೋ, ಅಂದರೆ ಗ್ರಿಲ್, ಬೇಕಿಂಗ್ ಇಲ್ಲದ ಬರೀ ಮೈಕ್ರೋವೇವ್, ತೆಗೆದುಕೊಂಡೆವು. ಅದಕ್ಕೆ ಮೊದಲು ರಾತ್ರಿ ಊಟ ಆದ ಮೇಲೆ ಫೋನ್ ಹಿಡಿದು ಓದಿದ ರಿವ್ಯೂಗಳಿಗೆ ಲೆಕ್ಕವೇ ಇಲ್ಲ. ಹಾಗಾಗಿ ಇಲ್ಲಿ ಒವನ್ ಬಗ್ಗೆ ಸ್ವಲ್ಪ ಇದೆ, ರಿವ್ಯೂಗಳ ಬಗ್ಗೆಯೇ ಹೆಚ್ಚು ಇದೆ.

ಐದು ನಕ್ಷತ್ರದವರನ್ನು ಮೊದಲು ಮುಗಿಸುತ್ತೇನೆ. 'ಸೂಪರ್ ಪ್ರಾಡಕ್ಟ್', 'ಡೆಲಿವರಿ ಬೇಗ ಬಂತು', 'ಅಮ್ಮನಿಗೆ ಖುಷಿ ಆಯ್ತು'. ಅಮ್ಮನಿಗೆ ಖುಷಿ ಆದದ್ದು ಒಳ್ಳೆಯದೇ, ಆದರೆ ಒವನ್ ಆನ್ ಮಾಡಿದ್ದಾರಾ ಅಂತಲೇ ಗೊತ್ತಾಗುವುದಿಲ್ಲ. ಇನ್ನು ಕೆಲವು ಮಾರಾಟಗಾರರು ಪೆಟ್ಟಿಗೆಯೊಳಗೆ ಒಂದು ಚೀಟಿ ಇಟ್ಟಿರುತ್ತಾರೆ, ಐದು ನಕ್ಷತ್ರ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿ, ಕ್ಯಾಶ್‌ಬ್ಯಾಕ್ ಪಡೆಯಿರಿ ಅಂತ. ದೊಡ್ಡ ಉಪಕರಣಕ್ಕಿಂತ ಒವನ್ ಜೊತೆ ಕೊಳ್ಳುವ ಪ್ಲಾಸ್ಟಿಕ್ ಪಾತ್ರೆ, ಕವರ್, ಸ್ಟ್ಯಾಂಡ್‌ಗಳಲ್ಲಿ ಇದು ಜಾಸ್ತಿ. ಅಮೆಜಾನ್‌ನಲ್ಲಿ ವೈನ್ (Vine) ಅಂತ ಗುರುತು ಕಂಡರೆ ಅದು ವಸ್ತುವನ್ನು ಉಚಿತವಾಗಿ ಕೊಟ್ಟು ಬರೆಸಿದ್ದು. ಮುಚ್ಚಿಟ್ಟಿಲ್ಲ, ಹಾಗಾಗಿ ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ದುಡ್ಡು ಕೊಟ್ಟವರ ಕಣ್ಣೇ ಬೇರೆ ಅಲ್ವಾ? ಸರ್ಕಾರವೂ ಸುಮ್ನೆ ಕೂತಿಲ್ಲ. ಆನ್‌ಲೈನ್ ರಿವ್ಯೂಗಳಿಗಾಗಿಯೇ ವಸ್ತುಗಳ ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ ಬಿಐಎಸ್ 2022ರ ನವೆಂಬರಿನಲ್ಲಿ ಐಎಸ್ 19000 ಅಂತ ಒಂದು ಮಾನದಂಡ ತಂದಿತು. ಪಾಲಿಸುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು ಅಂತಲೂ ಅದರ ಜೊತೆಗೇ ಹೇಳಿದರು. ಇಷ್ಟಕ್ಕೆ ಬಿಟ್ಟರೆ ಏನಾಗುತ್ತದೆ ಅಂತ ನಮಗೆ ಗೊತ್ತು.

ಒಂದು ನಕ್ಷತ್ರದವರನ್ನು ಮಾತ್ರ ಬಿಡಬೇಡಿ, ಅಲ್ಲಿ ಸರಕು ಇದೆ. ಆದರೆ ಅವರು ಬೈಯುವುದು ಒವನ್ನಿಗಾ ಬೇರೆ ಯಾವುದಕ್ಕಾ ಅಂತ ನೋಡಿಕೊಳ್ಳಬೇಕು. '800 ವ್ಯಾಟ್ ಅಂತ ಬರೆದಿದ್ದಾರೆ, ನೋಡಿದರೆ 1200 ವ್ಯಾಟ್ ಎಳೆಯುತ್ತದೆ, ಮೋಸ' ಅಂತ ಒಬ್ಬರು. ಮೋಸ ಏನೂ ಇಲ್ಲ. 800 ಅಂದರೆ ಆಹಾರಕ್ಕೆ ಸಿಗುವ ಶಕ್ತಿ, ಪ್ಲಗ್ಗಿನಿಂದ ಎಳೆಯುವುದು ಯಾವತ್ತೂ ಅದಕ್ಕಿಂತ ಹೆಚ್ಚೇ ಇರುತ್ತದೆ. 'ಮೇಲೆ ಕುದಿಯುತ್ತದೆ, ಒಳಗೆ ತಣ್ಣಗೆ' ಅಂತ ಇನ್ನೊಬ್ಬರು. ಅಲೆಗಳು ಆಹಾರದ ಒಳಗೆ ಹೋಗುವುದೇ ಒಂದೆರಡು ಇಂಚು. ಗಟ್ಟಿ ಪಲ್ಯವನ್ನು ಗುಡ್ಡೆ ಮಾಡಿ ಇಟ್ಟು ನಡುವೆ ಒಮ್ಮೆಯೂ ಕಲಕದಿದ್ದರೆ ಯಾವ ಕಂಪನಿಯದ್ದಾದರೂ ಅಷ್ಟೇ. 'ಆಫ್ ಆದ ಮೇಲೂ ಫ್ಯಾನ್ ತಿರುಗುತ್ತದೆ' ಅನ್ನುವುದು, ಬಿಸಿಗಾಳಿಯಿಂದ ಕೇಕ್ ಬೇಯಿಸಲೂ ಆಗುವ ಒವನ್, ಅಂದರೆ ಕನ್ವೆಕ್ಷನ್‌ನವರ ದೂರು. ಬಿಸಿ ಇಳಿಯಲಿ ಅಂತಲೇ ಹಾಗೆ ಮಾಡಿರುವುದು. 'ಒಳಗೆ ಕಿಡಿ ಬಂತು' ಅಂದವರಲ್ಲಿ ಹಲವರು ಮೈಕ್ರೋ ಮೋಡ್‌ನಲ್ಲಿ ಕಬ್ಬಿಣದ ಸ್ಟ್ಯಾಂಡ್ ಇಟ್ಟಿರುತ್ತಾರೆ. ಇಲ್ಲವೇ ಒಳಗೋಡೆಯಲ್ಲಿ ರಟ್ಟಿನ ಹಾಗೆ ಕಾಣುವ ಮೈಕಾ ಶೀಟಿಗೆ ಎಣ್ಣೆ ಸಿಡಿದು ಅದು ಕರಟಿರುತ್ತದೆ. ಶೀಟ್ ಬದಲಿಸಿದರೆ ಮುಗಿಯಿತು.

'ಮುಟ್ಟಿದರೆ ಶಾಕ್ ಹೊಡೆಯುತ್ತದೆ' ಅನ್ನುವುದನ್ನು ಹಲವು ಕಡೆ ಓದಿದೆ. ಇದರಲ್ಲಿ ನಮ್ಮ ಊರಿನವರು ಕಿವಿ ನಿಮಿರಿಸಬೇಕಾದ ವಿಷಯ ಇದೆ. ಹೆಚ್ಚಿನ ಸಲ ಅದು ಒವನ್ನಿನದ್ದಲ್ಲ, ಮನೆಯ ಅರ್ತಿಂಗ್‌ನ ಕತೆ. ನಮ್ಮಲ್ಲಿ ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಪರವಾಗಿಲ್ಲ, ಮಾರ್ಚ್ ಏಪ್ರಿಲ್ ಬಂದರೆ ಅರ್ತ್ ಗುಂಡಿ ಒಣಗಿ ಕಟಕಟ ಅನ್ನುತ್ತದೆ, ಆಗ ಅರ್ತ್ ಇದ್ದೂ ಇಲ್ಲದ ಹಾಗೆ. ವಾರಕ್ಕೊಮ್ಮೆ ಗುಂಡಿಗೆ ನಾಲ್ಕು ಕೊಡ ನೀರು ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಚೆಕ್ ಮಾಡಿಸಿ, ಆಮೇಲೆ ಒವನ್ ತನ್ನಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ರಿವ್ಯೂ ಬರೆಯುವವರಿಗೆ ಈ ತಲೆಬಿಸಿ ಇರುವುದಿಲ್ಲ.

ನಕ್ಷತ್ರಕ್ಕಿಂತ ನಾನು ಜಾಸ್ತಿ ನೋಡಿದ್ದು ತಾರೀಕು ಮತ್ತು ಊರು. ಫ್ಲಿಪ್‌ಕಾರ್ಟ್‌ನಲ್ಲಿ ಸರ್ಟಿಫೈಡ್ ಬೈಯರ್ ಅನ್ನುವುದರ ಪಕ್ಕದಲ್ಲೇ ಊರಿನ ಹೆಸರು ಇರುತ್ತದೆ. ಕಾಸರಗೋಡು, ಕಣ್ಣೂರು, ಮಂಗಳೂರು, ಉಡುಪಿ ಅಂತ ಇರುವವರದ್ದನ್ನು ಹುಡುಕಿ ಹುಡುಕಿ ಓದಿದೆ. ಕರಾವಳಿಯವರು ಬರೆಯುವುದೇ ಬೇರೆ. ಒಂದು ಮಳೆಗಾಲ ಕಳೆದ ಮೇಲೆ ಬಾಗಿಲಿನ ಕೆಳಗಿನ ಅಂಚಿನಲ್ಲಿ ತುಕ್ಕು, ಡಿಸ್‌ಪ್ಲೇ ಒಳಗೆ ಸಣ್ಣ ಜಿರಳೆ, ಟಚ್ ಬಟನ್ ಒದ್ದೆಗಾಳಿಗೆ ಕೈಕೊಟ್ಟದ್ದು, ಇಂಥವು. ಇದನ್ನೆಲ್ಲ ದೆಹಲಿಯವರು ಯಾಕೆ ಬರೆಯುತ್ತಾರೆ? ಇವುಗಳನ್ನು ಓದಿದ ಮೇಲೆಯೇ ಟಚ್ ಬೇಡ, ತಿರುಗಿಸುವ ನಾಬ್ ಸಾಕು ಅಂತ ನಿರ್ಧಾರ ಮಾಡಿದ್ದು. ತಾರೀಕಿನ ವಿಷಯವೂ ಹೀಗೇ. 'ಬೋರ್ಡ್ ಹೋಯಿತು' ಅನ್ನುವ ದೂರು ಈ ಕಡೆಯವರಿಂದ ಬಂದಿದ್ದರೆ ಯಾವ ತಿಂಗಳಿನದ್ದು ನೋಡಿ. ಏಪ್ರಿಲ್, ಮೇ, ಅಕ್ಟೋಬರ್ ಆಗಿದ್ದರೆ ಸಿಡಿಲಿನ ಮೇಲೂ ಅನುಮಾನ ಪಡಬೇಕು. ತುಲಾ ತಿಂಗಳ ಸಂಜೆ ಗುಡುಗು ಶುರುವಾದರೆ ಟಿವಿ, ಮೋಡೆಮ್ ಪ್ಲಗ್ ಕೀಳುವ ನಾವು ಒವನ್ನನ್ನು ಮರೆಯುತ್ತೇವೆ. ಅದೊಂದು ದೊಡ್ಡ ಪೆಟ್ಟಿಗೆ, ಅದಕ್ಕೇನಾಗುತ್ತದೆ ಅನ್ನುವ ಧೈರ್ಯ.

ಇನ್ನೊಂದು ಕಿರಿಕಿರಿ ಹೇಳಲೇಬೇಕು. ಒಂದೇ ಪುಟದಲ್ಲಿ 20 ಲೀಟರಿನ ಸೋಲೋ, 28 ಲೀಟರಿನ ಕನ್ವೆಕ್ಷನ್ ಎರಡರ ರಿವ್ಯೂಗಳನ್ನೂ ಕಲಸಿ ಹಾಕಿರುತ್ತಾರೆ. ಕೇಕ್ ಚೆನ್ನಾಗಿ ಬಂತು ಅಂತ ಒಬ್ಬರು ಹೊಗಳಿದ್ದನ್ನು ಓದಿ ನೀವು ಸೋಲೋ ತೆಗೆದುಕೊಂಡರೆ ಕೇಕ್ ಕೆಂಪಾಗುವುದೇ ಇಲ್ಲ. ರಿವ್ಯೂ ಮೇಲೆ ಸಣ್ಣ ಅಕ್ಷರದಲ್ಲಿ ಯಾವ ಮಾಡೆಲ್ ಅಂತ ಇರುತ್ತದೆ, ಅದನ್ನು ನೋಡದೆ ಓದಿದರೆ ಓದಿದ್ದು ದಂಡ.

ವಿಡಿಯೋ ರಿವ್ಯೂಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಮಲಯಾಳಂನಲ್ಲಿ ರಾಶಿ ಇವೆ, ಹಿಂದಿಯಲ್ಲಿ ಇನ್ನೂ ಜಾಸ್ತಿ, ಕನ್ನಡದಲ್ಲಿ ಕಡಿಮೆ. ನಾನು ನೋಡಿದವುಗಳಲ್ಲಿ ಮುಕ್ಕಾಲು ಪಾಲು ಪೆಟ್ಟಿಗೆ ಬಿಚ್ಚುವಲ್ಲಿಗೆ ಮುಗಿಯುತ್ತವೆ. ಕೆಳಗೆ ಕೊಳ್ಳುವ ಲಿಂಕ್ ಇರುತ್ತದೆ, ಅದರಿಂದ ಅವರಿಗೆ ಕಮಿಷನ್. ಒಬ್ಬ ಮಲಯಾಳಿ ಅಮ್ಮ ಮಾತ್ರ ಎರಡು ವರ್ಷ ಬಳಸಿದ ತನ್ನ ಒವನ್ನಿನ ತಿರುಗುವ ತಟ್ಟೆ ತೆಗೆದು, ಕೆಳಗಿನ ಬಣ್ಣ ಎದ್ದ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಅಂಥದ್ದು ಒಂದು ಸಿಕ್ಕಿದರೆ ಸಾಕು.

ಈಗ ಅಂಗಡಿ. ಕಾಸರಗೋಡು ಪೇಟೆಯ ಒಂದು ದೊಡ್ಡ ಅಂಗಡಿಗೆ ಹೋದೆವು. ಒಳಗೆ ಕಾಲಿಟ್ಟ ಕೂಡಲೇ ಮೂರು ಬಣ್ಣದ ಟೀಶರ್ಟಿನ ಮೂವರು ಸುತ್ತುವರಿದರು. ಇವರು ಅಂಗಡಿಯವರಲ್ಲ, ಕಂಪನಿ ಇಟ್ಟ ಪ್ರಮೋಟರ್‌ಗಳು. ಯಾವುದು ಒಳ್ಳೆಯದು ಅಂತ ಅವರನ್ನು ಕೇಳುವುದೇ ದಂಡ, ಟೀಶರ್ಟ್ ನೋಡಿದರೆ ಉತ್ತರ ಗೊತ್ತಾಗುತ್ತದೆ. ಹಾಗಾಗಿ ನಾನು ತಿರುಗಿಸಿ ಕೇಳಿದೆ, ಇವನ ಒವನ್ನಿನಲ್ಲಿ ಏನು ತೊಂದರೆ ಅಂತ ಅವನನ್ನು, ಅವನದ್ದರಲ್ಲಿ ಏನು ಅಂತ ಇವನನ್ನು. ಅರ್ಧ ಮಲಯಾಳ, ಅರ್ಧ ಕನ್ನಡದಲ್ಲಿ ಎಷ್ಟು ಮಾಹಿತಿ ಬಂತು ಅಂದರೆ, ಇಡೀ ವಾರ ಓದಿದ್ದರಲ್ಲಿ ಅಷ್ಟು ಇರಲಿಲ್ಲ. ಯಾವುದರ ಬಾಗಿಲಿನ ಹಿಡಿ ಸಡಿಲ, ಯಾವುದರ ಗ್ಲಾಸ್ ತಟ್ಟೆ ಒಡೆದರೆ ಸಿಗುವುದು ಕಷ್ಟ, ಯಾವುದರ ವಾರಂಟಿ ಅಲೆ ಹುಟ್ಟಿಸುವ ಭಾಗವಾದ ಮ್ಯಾಗ್ನೆಟ್ರಾನ್‌ಗೆ ಮಾತ್ರ ಉದ್ದ, ಉಳಿದದ್ದಕ್ಕೆಲ್ಲ ಒಂದೇ ವರ್ಷ. ಪ್ರಮೋಟರ್‌ಗಳಿಗೆ ಸೊನ್ನೆ ಕೊಡೋಣ ಅಂದುಕೊಂಡಿದ್ದೆ, ಮೂರು ನಕ್ಷತ್ರ ಕೊಟ್ಟೆ.

ನಾಲ್ಕೂವರೆ ಕೊಡುವುದು ರಿಪೇರಿಯವರಿಗೆ. ಬದಿಯಡ್ಕದಲ್ಲಿ ಮಿಕ್ಸಿ, ಒವನ್ ರಿಪೇರಿ ಮಾಡುವ ಒಬ್ಬರಿದ್ದಾರೆ. ಅಂಗಡಿಯ ಮೂಲೆಯಲ್ಲಿ ಬಿಚ್ಚಿಟ್ಟ ಒವನ್‌ಗಳ ಸಾಲು ಇದೆಯಲ್ಲ, ಅದಕ್ಕಿಂತ ನಂಬಿಕೆಯ ರಿವ್ಯೂ ಎಲ್ಲೂ ಇಲ್ಲ. ಯಾವ ಕಂಪನಿ ಅಂತ ಅವರು ಹೇಳಲಿಲ್ಲ, ನಕ್ಕರು. ಆದರೆ ಎರಡು ಮಾತು ಹೇಳಿದರು. ಬಿಸಿ ಮಾಡುವುದಕ್ಕೆ ಮಾತ್ರವಾದರೆ ಕನ್ವೆಕ್ಷನ್ ತೆಗೆದುಕೊಳ್ಳಬೇಡಿ, ಅದು 2000 ವ್ಯಾಟಿಗೂ ಮೇಲೆ ಎಳೆಯುತ್ತದೆ, ಅದಕ್ಕೆ 16 ಆಂಪಿಯರ್ ಪಾಯಿಂಟೇ ಬೇಕು. ಮತ್ತೆ, ಕೊಳ್ಳುವ ಮೊದಲು ಸರ್ವಿಸ್ ಎಲ್ಲಿಂದ ಬರುತ್ತದೆ ಅಂತ ಫೋನ್ ಮಾಡಿ ಕೇಳಿ.

ಕೇಳಿದೆ. ಒಂದು ಕಂಪನಿಯವರು 671ರಿಂದ ಶುರುವಾಗುವ ಪಿನ್ ಹೇಳಿದ ಕೂಡಲೇ ಕೇರಳ ಅಂತ ಕಣ್ಣೂರಿಗೆ ದಾಟಿಸಿದರು. ಕಣ್ಣೂರು ನಮಗೆ ಹತ್ತಿರ ಹತ್ತಿರ ನೂರು ಕಿಲೋಮೀಟರ್, ಮಂಗಳೂರು ಅದರ ಅರ್ಧ. ಕರ್ನಾಟಕದ ಗಡಿ ತಲಪಾಡಿ ದಾಟಿ ಬರಲು ಅವರ ಕಂಪ್ಯೂಟರಿಗೆ ಆಗುವುದಿಲ್ಲವಂತೆ. ಆ ಒವನ್ನಿಗೆ ಸೈಟಿನಲ್ಲಿ 4.4 ಇತ್ತು. ಬಿಟ್ಟೆ.

ತಂದದ್ದು ಹೇಗಿದೆ ಅಂದರೆ, ಚೆನ್ನಾಗಿದೆ. ನಿಮ್ಮದನ್ನು ನೀವೇ ಪರೀಕ್ಷೆ ಮಾಡಬಹುದು, ಯಾರ ರಿವ್ಯೂವೂ ಬೇಡ. ಗಾಜಿನ ಪಾತ್ರೆಯಲ್ಲಿ ಒಂದು ಲೀಟರ್ ನೀರು ಇಟ್ಟು, ಥರ್ಮಾಮೀಟರಿನಿಂದ ಬಿಸಿ ನೋಡಿ. ಫುಲ್ ಪವರ್‌ನಲ್ಲಿ ಸರಿಯಾಗಿ ಎರಡು ನಿಮಿಷ. ಹೊರತೆಗೆದು ಕಲಕಿ ಮತ್ತೆ ನೋಡಿ. ಎಷ್ಟು ಡಿಗ್ರಿ ಏರಿತೋ ಅದನ್ನು 35ರಿಂದ ಗುಣಿಸಿದರೆ ಹೆಚ್ಚುಕಡಿಮೆ ವ್ಯಾಟ್ ಸಿಗುತ್ತದೆ. ನಮ್ಮದು 800 ಅಂತ ಬರೆದದ್ದು. ಮಧ್ಯಾಹ್ನ 21 ಡಿಗ್ರಿ ಏರಿತು, ಅಂದರೆ 735. ಸಂಜೆ ಏಳೂವರೆಗೆ, ಊರಿನವರೆಲ್ಲ ಲೈಟು ಫ್ಯಾನು ಪಂಪು ಹಾಕಿ ವೋಲ್ಟೇಜ್ ಇಳಿದ ಹೊತ್ತಿಗೆ, ಅದೇ ಒವನ್, ಅದೇ ಪಾತ್ರೆ, 18 ಡಿಗ್ರಿ. 'ಮೊದಲಿನ ಹಾಗೆ ಬಿಸಿ ಆಗುವುದಿಲ್ಲ' ಅಂತ ಒಂದು ನಕ್ಷತ್ರ ಕೊಡುವವರು ಯಾವ ಹೊತ್ತಿಗೆ ಬಿಸಿ ಮಾಡಿದರು ಅಂತ ಬರೆದರೆ ಎಷ್ಟು ಉಪಕಾರ.

ಬಳಕೆ ಏನು ಅಂತ ಕೇಳಿದರೆ, ಮಜ್ಜಿಗೆ ಹುಳಿ ಬಿಸಿ ಮಾಡುವುದು, ಫ್ರಿಜ್ಜಿನ ಕುಚ್ಚಲಕ್ಕಿ ಅನ್ನಕ್ಕೆ ಸ್ವಲ್ಪ ನೀರು ಚಿಮುಕಿಸಿ ಮುಚ್ಚಿಟ್ಟು ಎರಡು ನಿಮಿಷ, ಮತ್ತೆ ಹಲಸಿನ ಹಪ್ಪಳ. ಎಣ್ಣೆ ಇಲ್ಲದೆ ಒಂದು ನಿಮಿಷದೊಳಗೆ ಅರಳುತ್ತದೆ. ಆದರೆ ಅತ್ತೆ ಒಂದು ತುಂಡು ಕಚ್ಚಿ ನೋಡಿ ಪಕ್ಕಕ್ಕಿಟ್ಟರು, ತೆಂಗಿನೆಣ್ಣೆಯಲ್ಲಿ ಕರಿದದ್ದೇ ಹಪ್ಪಳ ಅಂತ ಅವರ ರಿವ್ಯೂ. ಬಿಸಿ ಬಿಸಿ ಪತ್ರೊಡೆ ಮಾತ್ರ ಅವರಿಗೂ ಆಯಿತು, ಒಣಗುವುದಿಲ್ಲ, ನಡುವಿನ ತುಂಡೂ ಬಿಸಿ.

ಮಳೆಗಾಲ ಒಂದು ಕಳೆಯಲಿ ಅಂತ ಸೈಟಿನಲ್ಲಿ ನಾನಿನ್ನೂ ನಕ್ಷತ್ರ ಹಾಕಿಲ್ಲ. ಮುಳ್ಳೇರಿಯ, ಪೆರ್ಲ ಕಡೆ ಇನ್ವರ್ಟರ್ ಮಾದರಿಯ (ಪವರ್ ಆನ್ ಆಫ್ ಮಾಡುವ ಬದಲು ಏರಿಸಿ ಇಳಿಸುವ) ಒವನ್ ಬಳಸುವವರು ಯಾರಾದರೂ ಇದ್ದರೆ, ಸಂಜೆ ವೋಲ್ಟೇಜ್ ಇಳಿದಾಗ ಅದು ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ನೀರಿಟ್ಟು ನೋಡಿ ಹೇಳಿ. ತಂಗಿ ಈಗ ಅದನ್ನೇ ತೆಗೆದುಕೊಳ್ಳಬೇಕು ಅಂತ ಕೂತಿದ್ದಾಳೆ.