ಲೋ ಸೋಡಿಯಂ ಉಪ್ಪು: ಬಿಪಿ ಇರುವ ಮಲೆನಾಡಿನ ಮನೆಗೆ ಒಗ್ಗುತ್ತದೆಯೇ?

ಚಿಕ್ಕಮಗಳೂರಿನ ಅಂಗಡಿಗಳಲ್ಲೂ ಸಿಗುವ ಈ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಕೊಳ್ಳುವ ಮುಂಚೆ ಪ್ಯಾಕೆಟ್ ತಿರುಗಿಸಿ ನೋಡಿ. ಮಾಮೂಲಿ ಉಪ್ಪಿನ 100 ಗ್ರಾಂನಲ್ಲಿ ಸುಮಾರು 39 ಗ್ರಾಂ ಸೋಡಿಯಂ ಇರುತ್ತದೆ. 33ರ ಆಸುಪಾಸು ಬರೆದಿದ್ದರೆ ಕಡಿಮೆಯಾಗಿರುವುದು ಶೇ. 15 ಮಾತ್ರ, 27 ಇದ್ದರೆ ಶೇ. 30. ಸೈಂಧವ ಲವಣ ಈ ಲೆಕ್ಕಕ್ಕೇ ಬರುವುದಿಲ್ಲ, ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ.

ನಾಲ್ವರ ಮನೆಯಲ್ಲಿ ತಿಂಗಳಿಗೆ ಒಂದು ಕೆಜಿ ಉಪ್ಪು ಖರ್ಚಾದರೆ ತಲೆಗೆ ದಿನಕ್ಕೆ 8 ಗ್ರಾಂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಂಗಿಂತ ಕಡಿಮೆ. ಶೇ. 15ರ ಪ್ಯಾಕೆಟ್ ತಂದರೂ ಅದು 7 ಗ್ರಾಂ ಉಪ್ಪಿಗೆ ಸಮ. ರುಚಿ ಸಾಲದೆಂದು ಇನ್ನೊಂದು ಚಿಟಿಕೆ ಹಾಕಿದರಂತೂ ಲಾಭವೆಲ್ಲ ಹೋಯಿತು. ತಿಂಗಳಿಗೆ 600 ಗ್ರಾಂ ಅಳೆದು ಡಬ್ಬಿಗೆ ಹಾಕಿಟ್ಟುಕೊಳ್ಳುವುದೇ ಸರಿಯಾದ ದಾರಿ. ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಉಪ್ಪು ಇದರ ಹೊರಗೆ ಉಳಿಯುತ್ತದೆ, ಅದನ್ನು ಬೇರೆಯೇ ಕಡಿಮೆ ಮಾಡಬೇಕು.

ರುಚಿಯ ಮಾತು: ಹುಳಿ, ಖಾರ ಇರುವ ಸಾರು, ಕೆಸವಿನ ಸೊಪ್ಪಿನ ಪಲ್ಯಗಳಲ್ಲಿ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಮಜ್ಜಿಗೆಗೆ, ಸೌತೆಕಾಯಿಗೆ ಹಸಿಯಾಗಿ ಉದುರಿಸಿದರೆ ನಾಲಿಗೆಯ ತುದಿಗೆ ಸಣ್ಣ ಕಹಿ ತಾಗುತ್ತದೆ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿ, ಒಣ ಚಮಚ ಬೇಕೇ ಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಪೊಟ್ಯಾಸಿಯಂ. ಕಿಡ್ನಿ ತೊಂದರೆ ಇರುವವರು ಇದನ್ನು ಮುಟ್ಟಬಾರದು, ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಾಲಾಪ್ರಿಲ್, ಸ್ಪಿರೊನೊಲ್ಯಾಕ್ಟೋನ್ ಮಾತ್ರೆಗಳೂ ದೇಹದಲ್ಲಿ ಪೊಟ್ಯಾಸಿಯಂ ಉಳಿಸುತ್ತವೆ. ಇವುಗಳಲ್ಲಿ ಯಾವುದನ್ನಾದರೂ ನುಂಗುತ್ತಿದ್ದರೆ ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತ ಪರೀಕ್ಷೆ), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ. ಬಿಪಿಗೆ ಆಮ್ಲೋಡಿಪಿನ್ ಮಾತ್ರೆ ಒಂದನ್ನೇ ತೆಗೆದುಕೊಳ್ಳುವವರಿಗೆ, ಕಿಡ್ನಿ ಸರಿಯಿದ್ದರೆ, ಈ ಭಯವಿಲ್ಲ. ಮನೆಯಲ್ಲಿ ಒಬ್ಬರಿಗೆ ಕಿಡ್ನಿ ತೊಂದರೆ ಇದ್ದರೂ ಒಂದೇ ಪಾತ್ರೆಯ ಅಡುಗೆಗೆ ಮಾಮೂಲಿ ಉಪ್ಪನ್ನೇ ಕಡಿಮೆ ಹಾಕುವುದು ಕ್ಷೇಮ.

ಉಪ್ಪು ಬದಲಿಸಿದೆವೆಂದು ಮಾತ್ರೆ ಬಿಡುವುದು ಅಪಾಯ. ಉಪ್ಪು ಚೆನ್ನಾಗಿ ಇಳಿಸಿದರೆ ಬಿಪಿಯ ಮೇಲಿನ ಅಂಕಿ ಸುಮಾರು 5 ಇಳಿಯಬಹುದು. 142 ಇರುವವರಿಗೆ, ನಡಿಗೆ ಮತ್ತು ತೂಕ ಇಳಿಕೆಯೂ ಸೇರಿದರೆ, ಅದು ಸಾಕಾಗಬಹುದು. 165 ಇರುವವರಿಗೆ ಖಂಡಿತ ಸಾಲದು. ಬದಲಿಸಿದ ಒಂದು ತಿಂಗಳ ನಂತರ ವಾರವಿಡೀ ಬೆಳಿಗ್ಗೆ ಮಾತ್ರೆಗೆ ಮುಂಚೆ, ರಾತ್ರಿ ಮಲಗುವ ಮುಂಚೆ, ಐದು ನಿಮಿಷ ಸುಮ್ಮನೆ ಕೂತು ಎರಡೆರಡು ಸಲ ಬಿಪಿ ನೋಡಿ ಬರೆದಿಡಿ. ಮಾತ್ರೆಯ ಡೋಸ್ ಇಳಿಸಬೇಕೇ ಎಂದು ಆ ಚೀಟಿ ನೋಡಿ ಡಾಕ್ಟರು ಹೇಳಲಿ.